ಅಜ್ಜಿ ಹುಟ್ಟಿದ ದಿನ ಹುಡುಕ್ಕೊಂಡು ಹೋಗಿದ್ದು

ಅಜ್ಜಿ ತೀರ್ಕೊಂಡು ನಾಲ್ಕನೇ ದಿನ ಪ್ರೆಸ್‌ನಿಂದ ಫೋನ್ ಬಂತು. ತಿಥಿ ಕಾರ್ಡಿಗೆ ಫೋಟೋ ಎಲ್ಲ ಕಳಿಸಿದ್ವಿ, "ಮರಣ ಅಂತ ಇದೆ, ಜನನದ ಹತ್ರ ಖಾಲಿ ಇದೆ, ಡೇಟ್ ಹೇಳಿ ಮೇಡಂ" ಅಂದ್ರು. ನಾನು ಕೈಯಲ್ಲಿದ್ದ ಆಧಾರ್ ನೋಡಿ 1-6-1940 ಅಂತ ಓದಿಬಿಟ್ಟೆ. ಅಪ್ಪ ಮೂರು ದಿನದಿಂದ ಸರಿಯಾಗಿ ಮಾತೇ ಆಡಿರ್ಲಿಲ್ಲ, ಸುಮ್ನೆ ಗೋಡೆಗೆ ಒರಗಿ ಕೂತಿದ್ದವರು ಎದ್ದು ಬಂದು ಫೋನ್ ತಗೊಂಡು "ಆ ಡೇಟು ಹಾಕ್ಬೇಡಿ, ಅದು ನಮ್ಮಮ್ಮ ಹುಟ್ಟಿದ ದಿನ ಅಲ್ಲ, ಆ ಸಾಲೇ ತೆಗ್ದುಬಿಡಿ" ಅಂದ್ರು. ಹಾಗಾಗಿ ಕಾರ್ಡಲ್ಲಿ ಬರೀ ಹೋದ ದಿನ ಮಾತ್ರ ಬಂತು. 2025ರ ಫೆಬ್ರವರಿ ಅಂತ. ಆ ಖಾಲಿ ಜಾಗ ನೋಡಿದಾಗೆಲ್ಲ ನನಗೆ ಸಂಕಟ ಆಗೋದು, ಎಂಬತ್ತು ದಾಟಿ ಬದುಕಿದ ಮನುಷ್ಯಳು ಎಲ್ಲಿಂದ ಶುರುವಾದ್ಲು ಅಂತಾನೇ ಇಲ್ವಲ್ಲ ಅಂತ.

ಜೂನ್ 1 ಯಾಕೆ ಅಂತ ನಮ್ಮ ಕಡೆ ಹಳಬರಿಗೆ ಹೇಳೋದೇ ಬೇಡ. ಮೊದ್ಲೆಲ್ಲ ಮನೇಲೇ ಹೆರಿಗೆ, ಸರ್ಟಿಫಿಕೇಟ್ ಎಲ್ಲಿಂದ ಬರ್ಬೇಕು, ಮಗುನ ಸ್ಕೂಲಿಗೆ ಕರ್ಕೊಂಡು ಬಂದಾಗ ಮೇಷ್ಟ್ರು "ಬಲಗೈ ತಲೆ ಮೇಲಿಂದ ತಂದು ಎಡಗಿವಿ ಮುಟ್ಟು" ಅನ್ನೋರು, ಬೆರಳು ಕಿವಿಗೆ ತಾಗಿದ್ರೆ ಆರು ವರ್ಷ ಆಯ್ತು ಅಂತ ಲೆಕ್ಕ, ಸ್ಕೂಲು ಶುರುವಾಗೋದು ಜೂನಲ್ಲಿ ಆದ್ದರಿಂದ ಜೂನ್ 1ರಿಂದ ಹಿಂದಕ್ಕೆ ಎಣಿಸಿ ರಿಜಿಸ್ಟರಲ್ಲಿ ಒಂದು ವರ್ಷ ಬರ್ಕೊಳ್ಳೋರು. ಆಮೇಲೆ ಅದೇ ಎಸೆಸೆಲ್ಸಿ ಮಾರ್ಕ್ಸ್ ಕಾರ್ಡಿಗೆ, ಅದೇ ಕೆಲಸಕ್ಕೆ, ಅದೇ ಆಧಾರಿಗೆ. ಅಜ್ಜಿ ಕೈ ಸ್ವಲ್ಪ ಉದ್ದ ಇತ್ತಂತೆ, ಕಿವಿ ಸಲೀಸಾಗಿ ಸಿಕ್ಕಿದ್ದಕ್ಕೆ ಮೇಷ್ಟ್ರು ಏಳು ವರ್ಷ ಅಂತಾನೇ ಹಾಕಿಬಿಟ್ರು. ಇದನ್ನ ಅಜ್ಜಿ ಎಷ್ಟು ಸಲ ಹೇಳಿದ್ಲೋ. ಹೇಳೋವಾಗ ಕೈ ಎತ್ತಿ ಕಿವಿ ಮುಟ್ಟಿ ತೋರಿಸೋಳು, ಎಂಬತ್ತರ ಮೇಲೂ.

ಜೂನ್ 1ಕ್ಕೆ ಹುಟ್ಟಿದವರು ಅಂದ್ರೆ ಮೇ 31ಕ್ಕೆ ರಿಟೈರ್. ಒಂದನೇ ತಾರೀಕು ಹುಟ್ಟಿದ ಸರ್ಕಾರಿ ನೌಕರರು ಹಿಂದಿನ ತಿಂಗಳ ಕೊನೇ ದಿನವೇ ನಿವೃತ್ತಿ ಆಗ್ಬೇಕು ಅಂತ ರೂಲ್ಸು. ಆಗ 58ಕ್ಕೇ ರಿಟೈರ್‌ಮೆಂಟು, ಅರವತ್ತು ಮಾಡಿದ್ದು 2008ರಲ್ಲಿ. ಹಾಗಾಗಿ ಅಜ್ಜಿ 1998ರ ಮೇ 31ಕ್ಕೆ ಮನೆಗೆ ಬಂದ್ಲು, 1961ರಲ್ಲಿ ಸೇರಿದ್ದು, ಮೂವತ್ತೇಳು ವರ್ಷ.

ನಮ್ಮದು ಸಾಗರ ತಾಲ್ಲೂಕು. ಅಜ್ಜಿಯ ತವರು ಶರಾವತಿ ಹಿನ್ನೀರಿನ ಆ ಕಡೆ, ಕರೂರು ಹೋಬಳಿ, ತುಮರಿ ಹತ್ರ. ಹತ್ರ ಅಂದ್ರೆ ಈಗಿನ ಮನೆ, ಹುಟ್ಟಿದ ಮನೆ ನೀರಲ್ಲಿದೆ. 1964ರಲ್ಲಿ ಲಿಂಗನಮಕ್ಕಿ ಡ್ಯಾಮ್ ಆಗಿ ನೀರು ನಿಂತಾಗ ಗದ್ದೆ, ಮನೆ, ದೇವಸ್ಥಾನ, ಅಜ್ಜಿ ಓದಿದ ಸ್ಕೂಲು ಎಲ್ಲ ಒಳಗೆ ಹೋಯ್ತು. ಅದಕ್ಕೂ ಮೊದ್ಲು 1948ರಲ್ಲಿ ಮಡೇನೂರು ಡ್ಯಾಮಿನ ನೀರು ಬಂದು ಒಂದಷ್ಟು ಊರು ಹೋಗಿತ್ತು, ಆಮೇಲೆ ಆ ಡ್ಯಾಮೇ ಈ ನೀರಲ್ಲಿ ಮುಳುಗಿತು, ಬೇಸಿಗೇಲಿ ನೀರು ತೀರಾ ಇಳಿದ್ರೆ ಮಾತ್ರ ಅದರ ತಲೆ ಕಾಣತ್ತೆ. ಬೆಂಗಳೂರಿಗೆ ಕರೆಂಟ್ ಬಂದಿದ್ದು ಯಾರ ಮನೆ ಮುಳುಗಿ ಅಂತ ಇಲ್ಲಿ ಆಫೀಸಲ್ಲಿ ಲೈಟ್ ಹಾಕೋವಾಗ ನನಗೆ ಎಷ್ಟೋ ಸಲ ಅನ್ಸತ್ತೆ.

ಅಜ್ಜಿ ಹೆಚ್ಚು ವರ್ಷ ಪಾಠ ಮಾಡಿದ್ದು ಆ ಕಡೆಯ ಊರುಗಳಲ್ಲೇ. ಹೊಳೆಬಾಗಿಲಲ್ಲಿ ಲಾಂಚ್ ಹತ್ತಿ ದಾಟಿ ಅಲ್ಲಿಂದ ನಡಿಗೆ. ಅಪ್ಪ, ಅತ್ತೆ ಚಿಕ್ಕೋರಿದ್ದಾಗ ವಾರಕ್ಕೊಂದು ಸಲ ಮನೆಗೆ ಬರೋಳು, ಮಳೆಗಾಲದಲ್ಲಿ ಗಾಳಿ ಜಾಸ್ತಿ ಇದ್ದು ಲಾಂಚ್ ಬಿಡದಿದ್ರೆ ಅದೂ ಇಲ್ಲ. ಅಲ್ಲಿ ಎಲ್ಲರೂ ಅವಳನ್ನ ಅಕ್ಕೋರು ಅನ್ನೋರು. ಒಬ್ಬಳೇ ಟೀಚರ್, ಒಂದರಿಂದ ನಾಲ್ಕು ಒಂದೇ ರೂಮಲ್ಲಿ, ಒಂದನೇ ಕ್ಲಾಸಿನ ಮಕ್ಕಳಿಗೆ ಅಕ್ಷರ ತಿದ್ದೋಕೆ ಹಚ್ಚಿ ನಾಲ್ಕನೆಯವರಿಗೆ ಲೆಕ್ಕ ಹೇಳ್ತಾ, ಮಧ್ಯದಲ್ಲಿ ಯಾವುದೋ ಮಗುವಿನ ಮೂಗು ಒರೆಸ್ತಾ. ನಮಗೂ ಹಾಗೇ ಮಾಡೋಳು. ನಾನು ಹಾಸ್ಟೆಲ್‌ನಿಂದ ಕಾಗದ ಬರೆದ್ರೆ ಉತ್ತರದ ಜೊತೆ ನನ್ನ ಕಾಗದಾನೂ ವಾಪಸ್ ಬರೋದು, ಕೆಂಪು ಪೆನ್ನಲ್ಲಿ ಅಲ್ಪಪ್ರಾಣ ಮಹಾಪ್ರಾಣ ತಿದ್ದಿ. ಆಗ ಸಿಟ್ಟು ಬರೋದು, ಈಗ ಆ ಕಾಗದ ಎಲ್ಲ ನನ್ನ ಹತ್ರ ಇವೆ, ಹದಿನೇಳು.

ಸರ್ಕಾರಿ ಕೆಲಸಗಳು ಬೇಗ ಮುಗಿದ್ವು. ಸಾವನ್ನ 21 ದಿನದೊಳಗೆ ರಿಜಿಸ್ಟರ್ ಮಾಡಿಸ್ಬೇಕಲ್ಲ, ಅಪ್ಪ ಹೋಗಿ ಮಾಡಿಸಿದ್ರು, ವಯಸ್ಸು ಆಧಾರ್ ಪ್ರಕಾರ 84. ಡೆತ್ ಸರ್ಟಿಫಿಕೇಟ್, ಪೆನ್ಷನ್ ಪುಸ್ತಕ ತಗೊಂಡು ಬ್ಯಾಂಕಿಗೆ ಹೋಗಿ ಪೆನ್ಷನ್ ನಿಲ್ಲಿಸಿದ್ದಾಯ್ತು. ಪ್ರತಿ ನವೆಂಬರ್ ಅಜ್ಜಿನ ಇಸ್ತ್ರಿ ಸೀರೆ ಉಡಿಸಿ ಜೀವಂತ ಪ್ರಮಾಣಪತ್ರ ಕೊಡೋಕೆ ಅದೇ ಬ್ಯಾಂಕಿಗೆ ಕರ್ಕೊಂಡು ಹೋಗ್ತಿದ್ದಿದ್ದು ಅಪ್ಪನೇ, ಅವತ್ತು ಮನೆಗೆ ಬಂದು ಊಟ ಮಾಡ್ಲಿಲ್ಲ.

ತಿಥಿಗೆ ಎರಡು ದಿನ ಮುಂಚೆ ಅತ್ತೆ ಮತ್ತೆ ನಾನು ಅಜ್ಜಿ ಟ್ರಂಕ್ ತೆಗೆದ್ವಿ. ಮೇಲೆ ಸೀರೆಗಳು, ಅದರ ಕೆಳಗೆ ಸೆನ್ಸಸ್‌ದು ಅಂತ ಒಂದು ಬಟ್ಟೆ ಚೀಲ. 71, 81, 91 ಮೂರು ಜನಗಣತಿಗೂ ಅಜ್ಜಿ ಮನೆಮನೆ ಸುತ್ತಿದ್ಲು. ಎಲ್ಲಕ್ಕಿಂತ ಕೆಳಗೆ ನ್ಯೂಸ್‌ಪೇಪರಲ್ಲಿ ಸುತ್ತಿದ ಒಂದು ಉದ್ದನೆ ಲೆಕ್ಕದ ಪುಸ್ತಕ, ರಟ್ಟಿಗೆ ಹಳೇ ಸೀರೆ ಅಂಚಿನ ಬಟ್ಟೆ ಅಂಟಿಸಿತ್ತು. ಒಳಗೆ ಸ್ಕೇಲ್ ಇಟ್ಟು ಎಳೆದ ನಾಲ್ಕು ಕಾಲಂ. ಹೆಸರು, ಸ್ಕೂಲಿಗೆ ಸೇರಿದ ವರ್ಷ, ರಿಜಿಸ್ಟರಿಗೆ ಬರೆದ ತಾರೀಕು, ಕೊನೇದು "ನಿಜ".

ಮೂರನೇ ಕಾಲಂನಲ್ಲಿ ಮೇಲಿಂದ ಕೆಳಗಿನ ತನಕ ಬಹುತೇಕ ಜೂನ್ 1, ಜೂನ್ 1, ಜೂನ್ 1. ನಾಲ್ಕನೇ ಕಾಲಂ ಮಾತ್ರ ಒಂದರ ಹಾಗೆ ಒಂದಿಲ್ಲ. "ಆರಿದ್ರೆ ಮಳೆ ಹಿಡಿದು ಎರಡು ದಿನಕ್ಕೆ. ಚೀನಾ ಯುದ್ಧದ ವರ್ಷ." ಅದರ ಪಕ್ಕ ಪೆನ್ಸಿಲಲ್ಲಿ "62, ಜೂನ್ 23 ಆಸುಪಾಸು". "ಅಡಕೆ ಕೊಯ್ಲು ಮುಗಿದ ಮೇಲೆ, ಸಾಗರದ ಜಾತ್ರೆಗೆ ಮುಂಚೆ." "ನೀರು ಬಂದ ವರ್ಷ, ಮನೆ ಬಿಟ್ಟು ಗುಡ್ಡಕ್ಕೆ ಬಂದ ಮೇಲೆ ಮೊದಲ ಮಗು." ಇನ್ನೊಂದು ಕಡೆ "ತಾಯಿಗೆ ನೆನಪಿಲ್ಲ. ಅಜ್ಜಿಯನ್ನು ಕೇಳಬೇಕು" ಅಂತ ಬರೆದು, ಬೇರೆ ಇಂಕಲ್ಲಿ "ಕೇಳಿದೆ. ಗೌರಿ ಹಬ್ಬದ ಮಾರನೇ ದಿನ, ಸಂಜೆ". ಅಂದ್ರೆ ಹೋಗಿ ಕೇಳ್ಕೊಂಡು ಬಂದಿದ್ದಾಳೆ, ಎಷ್ಟು ದೂರ ನಡೆದು ಹೋಗಿದ್ಲೋ.

ನಾನು ಮೊದ್ಲು ಅಂದ್ಕೊಂಡಿದ್ದು ಇದೇನೋ ಸುಮ್ನೆ ಬರ್ಕೊಂಡಿದಾಳೆ ಅಂತ. ಕೂತು ಓದ್ತಾ ಹೋದ ಮೇಲೆ ಗೊತ್ತಾಯ್ತು ಎಷ್ಟು ಲೆಕ್ಕಾಚಾರ ಇದೆ ಅಂತ. ಮಳೆ ನಕ್ಷತ್ರಗಳು ಪ್ರತಿ ವರ್ಷ ಹೆಚ್ಚುಕಮ್ಮಿ ಅದೇ ತಾರೀಕಿಗೆ ಬರ್ತವೆ, ಒಂದೊಂದು ಹದಿಮೂರು ಹದಿನಾಲ್ಕು ದಿನ, ಆರಿದ್ರೆ ಜೂನ್ 21–22ಕ್ಕೆ ಶುರು, ಹಾಗಾಗಿ ಯಾವ ಮಳೆ ಎಷ್ಟನೇ ದಿನ ಅಂತ ಗೊತ್ತಾದ್ರೆ ತಾರೀಕು ಸಿಕ್ಕಿದ ಹಾಗೇ. ಹಬ್ಬ ಹಾಗಲ್ಲ, ಹಿಂದೆ ಮುಂದೆ ಓಡಾಡತ್ತೆ, ಅದಕ್ಕೆ ಆ ವರ್ಷದ ಪಂಚಾಂಗ ಬೇಕು. ಸಾಗರದ ಮಾರಿಕಾಂಬ ಜಾತ್ರೆ ಮೂರು ವರ್ಷಕ್ಕೊಂದು ಸಲ ಆಗೋದ್ರಿಂದ ವರ್ಷ ಹಿಡಿಯೋಕೆ ಅದು ಗೂಟ ಹೊಡೆದ ಹಾಗೆ. ಸೆನ್ಸಸ್‌ನಲ್ಲಿ ವಯಸ್ಸು ಕೇಳೋವಾಗ "ಡ್ಯಾಮ್ ಕಟ್ಟೋವಾಗ ನಿಮಗೆ ಮದುವೆ ಆಗಿತ್ತಾ, ಮಗು ಎತ್ಕೊಂಡಿದ್ರಾ" ಅಂತ ಕೇಳಿ ಕೇಳಿ ಅಜ್ಜಿಗೆ ಇದು ಕರಗತ ಆಗಿತ್ತು. ರಿಜಿಸ್ಟರಿಗೆ ಜೂನ್ 1 ಅಂತ ಬರೀಲೇಬೇಕಿತ್ತು, ಇಲ್ದಿದ್ರೆ ಮಗುನ ಸೇರಿಸ್ಕೊಳ್ಳೋಕೆ ಆಗಲ್ಲ. ಆದ್ರೆ ಅವಳಿಗೆ ಅದು ಮನಸ್ಸಿಗೆ ಒಪ್ಪಿರ್ಲಿಲ್ಲ, ತನ್ನ ಹುಟ್ಟಿದ ದಿನ ಕಳ್ಕೊಂಡಿದ್ದಳಲ್ಲ, ಆ ಮಕ್ಕಳದ್ದು ಕಳೀಬಾರ್ದು ಅಂತ ರಾತ್ರಿ ಸೀಮೆಎಣ್ಣೆ ದೀಪದಲ್ಲಿ ಕೂತು ಬರೆದಿಟ್ಟಿದ್ದಾಳೆ. ಎಣಿಸಿದೆ. 412 ಮಕ್ಕಳು.

ಕೊನೇ ಪುಟದ ತನಕ ನೋಡಿದೆ, ಅಜ್ಜಿದು ಮಾತ್ರ ಇರ್ಲಿಲ್ಲ.

ತಿಥಿ ದಿನ ನಾವು ಇನ್ನೂರು ಜನಕ್ಕೆ ಅಡಿಗೆ ಹೇಳಿದ್ವಿ, ಎರಡನೇ ಸಲ ಅನ್ನಕ್ಕೆ ಇಡ್ಬೇಕಾಯ್ತು. ಆ ಕಡೆಯಿಂದ ಲಾಂಚಲ್ಲಿ ಬಂದವರೇ ತುಂಬಾ ಜನ, ಅಜ್ಜಾಂದಿರು, ಅಜ್ಜಿಯಂದಿರು, ಎಲ್ಲರೂ ಫೋಟೋ ಮುಂದೆ ನಿಂತು ಸ್ಕೂಲ್ ಮಕ್ಕಳ ಹಾಗೆ ಕೈಕಟ್ಟಿ ನಮಸ್ಕಾರ ಅಕ್ಕೋರೇ ಅಂತಿದ್ರು. ಒಬ್ಬರು ನನಗೆ, "ನಿಮ್ಮ ಅಜ್ಜಿ ನಂಗೆ ಚಡ್ಡಿ ಹೊಲಿಸ್ಕೊಟ್ಟಿದ್ರು ಕಣಮ್ಮ, ನಾಲ್ಕನೇ ಕ್ಲಾಸ್ ಪರೀಕ್ಷೆಗೆ" ಅಂತ ಹೇಳಿ ಕಣ್ಣು ಒರೆಸ್ಕೊಂಡ್ರು. ಊಟ ಆದ್ಮೇಲೆ ಅಪ್ಪ ಆ ಪುಸ್ತಕ ತಂದು ಜಗಲಿ ಮೇಲೆ ಇಟ್ರು. ಅಷ್ಟೇ. ಅಲ್ಲಿಂದ ಸಂಜೆ ಐದರ ತನಕ ಯಾರೂ ಕದಲ್ಲಿಲ್ಲ. "ನಂದು ನೋಡು, ಅರುವತ್ತೆಂಟರಲ್ಲಿ ಸೇರಿದ್ದು", "ನನ್ನ ತಮ್ಮಂದು ಇದ್ಯಾ", ಅಂತ. ನಾನು ಓದಿ ಹೇಳ್ತಿದ್ದೆ. ಒಬ್ಬರು ಎಪ್ಪತ್ತರ ಹತ್ತಿರದ ಹೆಂಗಸು, ಅವರದ್ದು ಓದಿದೆ, "ಅಮಾವಾಸ್ಯೆ ದಿನ. ಮನೆಯವರು ಅಪಶಕುನ ಎಂದು ಹೇಳಲಿಲ್ಲ. ತಾಯಿ ಗುಟ್ಟಾಗಿ ಹೇಳಿದ್ದು. ಒಳ್ಳೆಯ ಹುಡುಗಿ." ಅವರು ಇನ್ನೊಂದ್ಸಲ ಓದು ಅಂದ್ರು, ಓದಿದೆ. ಕೊನೇ ಎರಡು ಪದ ಮಾತ್ರ ಮೂರನೇ ಸಲಾನೂ ಓದಿಸಿದ್ರು.

ಅವತ್ತು ರಾತ್ರಿ ಅಪ್ಪನ ಹತ್ರ, ಅಜ್ಜಿದು ಹುಡುಕೋಣ ಅಂದೆ. ಅಪ್ಪಂಗೆ ಗೊತ್ತಿದ್ದಿದ್ದು ಒಂದೇ, ಭೂಮಿ ಹುಣ್ಣಿಮೆ ದಿನ ನಸುಕಲ್ಲಿ ಹುಟ್ಟಿದ್ದು ಅಂತ. ಆಶ್ವೀಜದ ಹುಣ್ಣಿಮೆ, ಶೀಗಿ ಹುಣ್ಣಿಮೆ ಅಂತಾನೂ ಅಂತಾರೆ. ಗದ್ದೆ ಹೊಡೆ ತುಂಬ್ಕೊಂಡಿರತ್ತಲ್ಲ, ಭೂಮಿ ತಾಯಿಗೆ ಬಸುರಿ ಬಯಕೆ ಅಂತ ರಾತ್ರಿಯೆಲ್ಲ ಅಡಿಗೆ ಮಾಡಿ, ಕೆಮ್ಮಣ್ಣು ಬಳಿದು ಅಕ್ಕಿ ಹಿಟ್ಟಲ್ಲಿ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ತುಂಬ್ಕೊಂಡು ಬೆಳಕು ಹರಿಯೋಕೆ ಮುಂಚೆ ಗದ್ದೆಗೆ ಹೋಗಿ ಚೆಲ್ಲಿ ಬರ್ತಾರೆ. ಅಜ್ಜಿಯ ಅಪ್ಪ ಬುಟ್ಟಿ ಹೊತ್ತು ಗದ್ದೆಗೆ ಹೋದವರು ವಾಪಸ್ ಬರೋಷ್ಟರಲ್ಲಿ ಮಗು ಅಳ್ತಿತ್ತಂತೆ. ದಿನ ಇಷ್ಟು ಗಟ್ಟಿ ಇದೆ, ವರ್ಷ ಇಲ್ಲ.

ವರ್ಷಕ್ಕೆ ನಾನು ಮೊದ್ಲು ಅಜ್ಜಿಯ ಸರ್ವಿಸ್ ರಿಜಿಸ್ಟರಿನ ಜೆರಾಕ್ಸ್ ನೋಡಿದೆ, ಅದರಲ್ಲಿ ಅದೇ ಜೂನ್ 1. ಅವಳು ಓದಿದ ಸ್ಕೂಲಿನ ದಾಖಲೆ ಕೇಳ್ಕೊಂಡು ಎರಡು ಕಡೆ ಓಡಾಡಿದೆ, ಊರು ಮುಳುಗಿದಾಗ ಯಾವ ರಿಜಿಸ್ಟರ್ ಎಲ್ಲಿಗೆ ಹೋಯ್ತು ಅಂತ ಹೇಳೋರೇ ಸಿಗ್ಲಿಲ್ಲ. ಸಿಕ್ಕಿದ್ರೂ ಜೂನ್ 1 ಅಂತಾನೇ ಇರ್ತಿತ್ತು ಬಿಡಿ.

ಏಪ್ರಿಲಲ್ಲಿ ರಜೆ ಹಾಕಿ ಅತ್ತೆ ಜೊತೆ ಲಾಂಚ್ ದಾಟಿ ಅಜ್ಜಿ ತವರಿಗೆ ಹೋದೆ. ಅಲ್ಲಿ ದೊಡ್ಡಜ್ಜಿ ಇದ್ದಾರೆ, ಅಜ್ಜಿಯ ದೊಡ್ಡಪ್ಪನ ಮಗಳು, ಚಿಕ್ಕ ವಯಸ್ಸಲ್ಲೇ ಗಂಡ ತೀರಿಹೋಗಿ ತವರಿಗೇ ವಾಪಸ್ ಬಂದವರು, ಅಜ್ಜಿಗಿಂತ ದೊಡ್ಡವರು, ಕಿವಿ ಸ್ವಲ್ಪ ಮಂದ, ನೆನಪು ಮಾತ್ರ ಚಾಕು. ಕೂತ್ಕೊಂಡು ಅಜ್ಜಿ ಹೇಗೆ ಕೇಳ್ತಿದ್ಲೋ ಹಾಗೇ ಕೇಳೋಕೆ ಶುರು ಮಾಡ್ದೆ. ಮಡೇನೂರು ನೀರು ಬಂದಾಗ ಅಜ್ಜಿ ಎಷ್ಟಿದ್ಲು? "ಹಲ್ಲು ಬಿದ್ದಿತ್ತು, ಮುಂದಿಂದು ಎರಡೂ." ಕಾಗೋಡು ಸತ್ಯಾಗ್ರಹದ ವರ್ಷ? ಅಂದ್ರೆ 1951, ಗೇಣಿದಾರರು ಎದ್ದು ನಿಂತ ವರ್ಷ, ಲೋಹಿಯಾ ಬಂದಿದ್ದು. "ಆಗ ನಾಲ್ಕನೇ ಕ್ಲಾಸ್ ಪಾಸಾಗಿದ್ಲು ಮಾರಾಯ್ತಿ. ಗಂಡಸ್ರೆಲ್ಲ ಜೈಲಿಗೆ ಹೋಗ್ತಿದ್ದಾರೆ ಅಂತ ಪೇಪರ್ ಓದಿ ಹೇಳ್ತಿದ್ದಿದ್ದು ಅವಳೇ, ಇಡೀ ಕೇರಿಗೆ." ನಾನು ಬರ್ಕೊಂಡೆ. ಎರಡೂ ಸೇರಿಸಿದ್ರೆ 40, 41 ಅಥವಾ 42. ಅದಕ್ಕಿಂತ ಹತ್ರ ಹೋಗೋಕೆ ಆಗ್ಲಿಲ್ಲ.

ಕಾಫಿ ಕುಡೀತಾ ದೊಡ್ಡಜ್ಜಿ ಇದ್ದಕ್ಕಿದ್ದಂಗೆ, "ಅವಳೂ ಬಂದಿದ್ಲು ಇದನ್ನೇ ಕೇಳ್ಕಂಡು" ಅಂದ್ರು. ಯಾವಾಗ? ರಿಟೈರ್ ಆಗೋಕೆ ಒಂದೆರಡು ವರ್ಷ ಮುಂಚೆ. "ಚಿಕ್ಕಪ್ಪ ಪದದ ಪುಸ್ತಕದಲ್ಲಿ ಬರ್ದಿಡ್ತಿದ್ದ, ಮನೇಲಿ ಕೂಸು ಹುಟ್ಟಿದ್ರೆ. ಅದನ್ನ ಹುಡುಕಿದ್ಲು ಪಾಪ. ಸಿಕ್ಕಿಲ್ಲ. ನೀರು ಬಂದಾಗ ಹೋಗಿರ್ಬೇಕು ಅಂತ ಹೇಳಿ ಹೋದ್ಲು." ನಾನು ಅತ್ತೆ ಮುಖ ನೋಡ್ದೆ, ಅತ್ತೆಗೂ ಈ ವಿಷಯ ಗೊತ್ತಿರ್ಲಿಲ್ಲ. ದೊಡ್ಡಜ್ಜಿ ಮುಂದುವರ್ಸಿ, "ಆಮೇಲೆ ಹೆಂಚು ತೆಗ್ದು ಶೀಟ್ ಹಾಕ್ಸೋವಾಗ ಅಟ್ಟದ ಮೇಲೆ ಒಂದು ಗಂಟು ಸಿಕ್ತು, ನಂಗೆ ಓದಕ್ಕೆ ಬರಲ್ಲ, ಹುಡುಗ್ರಿಗೆ ಪುರಸೊತ್ತಿಲ್ಲ, ಅಲ್ಲೇ ಪೆಟ್ಟಿಗೇಲಿ ಹಾಕಿಟ್ಟಿದೀನಿ ನೋಡು."

ಗಂಟು ಬಿಚ್ಚೋವಾಗ ನನ್ನ ಕೈ ನಡುಗ್ತಿತ್ತು. ಮುತ್ತಜ್ಜ ಕೈಯಲ್ಲಿ ಬರ್ಕೊಂಡಿದ್ದ ಯಕ್ಷಗಾನದ ಪದಗಳ ಪುಸ್ತಕ, ಅರ್ಧ ಒರಲೆ ತಿಂದಿದೆ, ಹಾಳೆ ಮುಟ್ಟಿದ್ರೆ ಪುಡಿ. ಕೊನೇ ರಟ್ಟಿನ ಒಳಮೈಯಲ್ಲಿ ಆರೇಳು ಸಾಲು, ಮೇಲಿನ ಸಾಲುಗಳು ತೂತಾಗಿ ಹೋಗಿವೆ. ಕೆಳಗಿನ ಒಂದು ಸಾಲು ಮಾತ್ರ ಪೂರ್ತಿ ಇತ್ತು. "ವೃಷ ಸಂ|| ಆಶ್ವೀಜ ಶು|| ೧೫ ರವಿವಾರ ಬೆಳಗಿನ ಜಾವ ಹೆಣ್ಣು. ಸೂಲಗಿತ್ತಿಗೆ ಅಕ್ಕಿ ೨ ಸೇರು, ಸೀರೆ ೧."

ಅಲ್ಲಿ ನೆಟ್‌ವರ್ಕ್ ಸರಿ ಇರ್ಲಿಲ್ಲ, ಲಾಂಚಲ್ಲಿ ವಾಪಸ್ ಬರೋವಾಗ ನೀರಿನ ಮಧ್ಯೆ ಸಿಗ್ನಲ್ ಸಿಕ್ತು, ಅಲ್ಲೇ ನಿಂತು ನೋಡ್ದೆ. ವೃಷ ಸಂವತ್ಸರ ಅರವತ್ತು ವರ್ಷಕ್ಕೊಂದು ಸಲ ಬರೋದು, 2001ರ ಯುಗಾದಿಗೆ ಬಂದಿದ್ದು, ಅದರ ಹಿಂದಿಂದು 1941. ಆ ವರ್ಷ ಆಶ್ವೀಜ ಹುಣ್ಣಿಮೆ ಅಕ್ಟೋಬರ್ 5. ವಾರ ನೋಡಿದೆ, ಭಾನುವಾರ. 40ರಲ್ಲಿ ಆ ಹುಣ್ಣಿಮೆ ಬುಧವಾರ, 42ರಲ್ಲಿ ಶನಿವಾರ, ರವಿವಾರ ಬರೋದು 41ರಲ್ಲಿ ಮಾತ್ರ. ಪಕ್ಕದಲ್ಲಿ ಇನ್ನೂ ಓಪನ್ ಆಗಿರದ ಸೇತುವೆಯ ಕಂಬಗಳು, ಲಾಂಚ್ ತುಂಬ ಸಿಗಂದೂರಿಗೆ ಹೋಗಿ ಬರ್ತಿದ್ದ ಜನ, ನಾನು ಅತ್ತೆನ ತಬ್ಕೊಂಡು ಜೋರಾಗಿ ಅತ್ತುಬಿಟ್ಟೆ. ಅಜ್ಜಿ ಹೋದಾಗ್ಲೂ ಅಷ್ಟು ಅತ್ತಿರ್ಲಿಲ್ಲ.

ಅಪ್ಪ ಮಾತ್ರ ಪೇಪರ್ ಪೆನ್ನು ತಗೊಂಡು ಲೆಕ್ಕ ಹಾಕೋಕೆ ಕೂತ್ರು. ದಾಖಲೆಗಿಂತ ಹದಿನಾರು ತಿಂಗಳು ಚಿಕ್ಕವಳು. ನಿಜವಾದ ಡೇಟ್ ಇದ್ದಿದ್ರೆ ರಿಟೈರ್ ಆಗ್ತಿದ್ದಿದ್ದು 1999ರ ಅಕ್ಟೋಬರ್ 31ಕ್ಕೆ. ಹದಿನೇಳು ತಿಂಗಳು ಹೆಚ್ಚು ಸ್ಕೂಲಿಗೆ ಹೋಗ್ಬಹುದಿತ್ತು. "ಸಂಬಳಕ್ಕಲ್ಲ ಅವಳು ಹುಡುಕ್ಕೊಂಡು ಹೋಗಿದ್ದು" ಅಂತ ಅಷ್ಟೇ ಅಂದು ಆ ಪೇಪರ್ ಮಡಚಿ ಜೇಬಲ್ಲಿಟ್ಕೊಂಡ್ರು. ರಿಟೈರ್ ಆದ ವರ್ಷ ಜೂನ್ ತಿಂಗಳು ಪೂರ್ತಿ ಅಜ್ಜಿ ಬೆಳಿಗ್ಗೆ ಎದ್ದು ರೆಡಿಯಾಗಿ ಜಗಲಿ ಮೇಲೆ ಕೂರ್ತಿದ್ಲು ಅಂತ ಅಮ್ಮ ಹೇಳ್ತಿದ್ದಿದ್ದು ನನಗೆ ಆಗ ನೆನಪಾಯ್ತು.

ಆ 412 ಹೆಸರಲ್ಲಿ ನಾನು ಇಲ್ಲಿ ತನಕ 171 ಜನಕ್ಕೆ, ಇಲ್ಲಾ ಅವರ ಮಕ್ಕಳಿಗೆ, ಅವರವರ ಸಾಲಿನ ಫೋಟೋ ತೆಗ್ದು ವಾಟ್ಸಾಪ್ ಮಾಡಿದೀನಿ. ಸುಮಾರು ಜನ ತೀರ್ಕೊಂಡಿದಾರೆ. ಕೆಲವರು ಮುಳುಗಡೆ ಆದ್ಮೇಲೆ ಎಲ್ಲೆಲ್ಲೋ ಹೋದೋರು, ಪತ್ತೆ ಇಲ್ಲ. ಬೆಂಗಳೂರಲ್ಲೇ ನನ್ನ ಮನೆಯಿಂದ ನಾಲ್ಕು ಸ್ಟಾಪ್ ಆಚೆ ಒಬ್ಬರಿದ್ರು, ಅವರಿಗೆ ಫೋನ್ ಮಾಡಿ ನೀವು ಹುಟ್ಟಿದ್ದು ಸಂಕ್ರಾಂತಿ ಹಿಂದಿನ ದಿನ ಅಂತ ಹೇಳ್ದಾಗ ಸ್ವಲ್ಪ ಹೊತ್ತು ಸದ್ದೇ ಇಲ್ಲ, ಆಮೇಲೆ ಅವರ ಹೆಂಡತಿ ಫೋನ್ ತಗೊಂಡು "ಆಮೇಲೆ ಮಾಡ್ತಾರಮ್ಮ" ಅಂದ್ರು.

ಜುಲೈ 14ಕ್ಕೆ ಸೇತುವೆ ಓಪನ್ ಆಯ್ತು, ಎರಡೂವರೆ ಕಿಲೋಮೀಟರ್ ಹತ್ತಿರ ಇದೆ, ಅಜ್ಜಿ ಗಂಟೆಗಟ್ಲೆ ಕಾಯ್ತಿದ್ದ ನೀರನ್ನ ಕಾರಲ್ಲಿ ಕೂತು ಕಣ್ಣುಮುಚ್ಚಿ ಬಿಡೋದ್ರೊಳಗೆ ದಾಟಿ ಹೋಗ್ಬಹುದು. ಅಕ್ಟೋಬರಲ್ಲಿ ಭೂಮಿ ಹುಣ್ಣಿಮೆಗೆ ಅಪ್ಪ, ಅತ್ತೆ, ನಾನು ಹಿಂದಿನ ರಾತ್ರಿನೇ ಹೋದ್ವಿ. ನಸುಕಲ್ಲಿ ಬುಟ್ಟಿ ಜೊತೆ ಗದ್ದೆಗೆ ಹೋಗಿ ಬಂದ ಮೇಲೆ ಒಲೆ ಮುಂದೆ ದೊಡ್ಡಜ್ಜಿ ಪಕ್ಕ ಕೂತು, ಅಜ್ಜಿಗೆ ಇವತ್ತು ಎಂಬತ್ನಾಲ್ಕು ತುಂಬ್ತಿತ್ತು ಅಂತ ಕಿವಿ ಹತ್ರ ಜೋರಾಗಿ ಹೇಳಿದೆ. ಅವರು ತುಂಬ ಹೊತ್ತು ಬೆಂಕಿ ನೋಡ್ತಾ ಇದ್ದು, "ಆ ಪುಸ್ತಕದಲ್ಲಿ ನಂದು ಬರ್ದಿತ್ತೇನೇ?" ಅಂತ ಕೇಳಿದ್ರು.

ಮೇಲಿನ ಸಾಲುಗಳು ಒರಲೆ ತಿಂದು ಹೋಗಿವೆ ಅಂತ ಹೇಳೋಕೆ ನನಗೆ ಬಾಯಿ ಬರ್ಲಿಲ್ಲ. ಬ್ಯಾಗಿಂದ ಅಜ್ಜಿ ಪುಸ್ತಕ ತೆಗ್ದು ಕೊನೇ ಹೆಸರಿನ ಕೆಳಗೆ 413 ಅಂತ ಹಾಕ್ದೆ, ದೊಡ್ಡಜ್ಜಿ ಹೆಸರು ಬರೆದೆ, ಎರಡನೇ ಮೂರನೇ ಕಾಲಂಗೆ ಗೆರೆ ಎಳೆದೆ, ಅವರು ಸ್ಕೂಲಿಗೇ ಹೋಗಿಲ್ವಲ್ಲ. "ನಿಮ್ಮಮ್ಮ ಏನಾದ್ರೂ ಹೇಳ್ತಿದ್ರಾ ದೊಡ್ಡಜ್ಜಿ? ಯಾವ ಮಳೆ, ನಟ್ಟಿ ಆಗಿತ್ತಾ?"

"ನಟ್ಟಿ ಮುಗ್ದಿತ್ತು" ಅಂದ್ರು ದೊಡ್ಡಜ್ಜಿ. "ಮಘೆ ಮಳೆ. ಹೊಳೆ ದಾಟಕ್ಕಾಗದೆ ಸೂಲಗಿತ್ತಿ ಬಂದಿದ್ದೇ ಮಾರನೇ ದಿನ ಅಂತ ಅಮ್ಮ ಹೇಳ್ತಿದ್ಲು, ಬರ್ಕೋ."